ಕ್ಯಾಪ್ಟನ್ ಕೋಟಿನ ಬಲತೋಳು

ರಫು ಮಾಸ್ಟರಿಗೆ ಒಂದು ಚಾಳಿ ಇತ್ತು. ಹರಿದದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಎದುರಿನ ಸೀಟಿನ ಕವರು ಬಿಟ್ಟುಕೊಂಡಿರುವುದೇ ಕಾಣುತ್ತಿತ್ತು. ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಅದಕ್ಕೆ ಹೊಲಿಗೆ ಬಿದ್ದಿರುತ್ತಿತ್ತು. ಒಮ್ಮೆ ಪಕ್ಕದಲ್ಲಿ ತೂಕಡಿಸುತ್ತಿದ್ದ ಅಪರಿಚಿತನೊಬ್ಬನ ಕೊಡೆಯನ್ನು ಅವನು ಕಣ್ಣು ಬಿಡುವುದರೊಳಗೆ ಸರಿಮಾಡಿ, ಕೊಡೆಕಳ್ಳ ಎಂದು ಬೈಸಿಕೊಂಡು ಎರಡು ನಿಲ್ದಾಣ ಮೊದಲೇ ಇಳಿದು ನಡೆದಿದ್ದರು. ಅಂಗಿಯ ಕಾಲರಿನ ಒಳಗೆ ಎರಡು ಸೂಜಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದರು. ಹೆಂಡತಿ ಇದ್ದಾಗ ಅವರನ್ನು ತಬ್ಬಿಕೊಳ್ಳುವ ಮುಂಚೆ ಕಾಲರು ತಡವಿ ನೋಡುತ್ತಿದ್ದಳಂತೆ.

ವಯಸ್ಸು ಐವತ್ತೆಂಟು. ಮೂವತ್ತೊಂದು ವರ್ಷದಿಂದ ಒಂದೇ ಕಸುಬು, ರಫು. ರಫು ಅಂದರೆ ತೇಪೆ ಹಾಕುವುದಲ್ಲ. ಹಾಗೆ ಅಂದವರ ಜೊತೆ ಮಾಸ್ಟರು ಮಾತು ಬಿಡುತ್ತಿದ್ದರು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಹರಿದ ಜಾಗದಲ್ಲಿ ಉದ್ದದ ಹಾಸೆಳೆ, ಅಡ್ಡದ ಹೊಕ್ಕೆಳೆಗಳನ್ನು ಸೂಜಿಯಿಂದ ಒಂದೊಂದಾಗಿ ನೇಯಬೇಕು. ಮುಗಿದ ಮೇಲೆ ಬಟ್ಟೆಗೇ ತಾನು ಹರಿದಿದ್ದೆ ಎಂಬುದು ಮರೆತುಹೋಗಬೇಕು. ಈ ಕಸುಬಿನ ತಾಪತ್ರಯವೂ ಅದೇ. ಗಿರಾಕಿ ಕೋಟನ್ನು ಬೆಳಕಿಗೆ ಹಿಡಿದು, "ಎಲ್ಲಿ ಮಾಡಿದೀರಿ?" ಅನ್ನುತ್ತಾನೆ. ತೋರಿಸುವ ಹಾಗಿದ್ದರೆ ಕೆಲಸ ಕೆಟ್ಟಿದೆ ಎಂದರ್ಥ. ತೋರಿಸಲಾಗದಿದ್ದರೆ, ಇವನು ಕೆಲಸವನ್ನೇ ಮಾಡಿಲ್ಲ ಎಂದುಕೊಂಡು ಗಿರಾಕಿ ಗೊಣಗುತ್ತಾ ಹೋಗುತ್ತಾನೆ. "ನಿಮ್ಮನ್ನ ಹೊಗಳೋಣ ಅಂದ್ರೆ ಎಲ್ಲಿ ನೋಡಿ ಹೊಗಳ್ಬೇಕು ಅಂತಾನೇ ಗೊತ್ತಾಗಲ್ಲ" ಎಂದು ಹೆಂಡತಿ ನಗುತ್ತಿದ್ದಳು. ಆಕೆ ತೀರಿಕೊಂಡು ಒಂಬತ್ತು ವರ್ಷವಾಯಿತು. ಹೊಗಳಿಕೆಯ ಹಂಗಿಲ್ಲದ ಮನುಷ್ಯ ಎಂದು ಎಲ್ಲರೂ ಮಾಸ್ಟರ ಬಗ್ಗೆ ತಿಳಿದಿದ್ದರು. ಅದು ಸುಳ್ಳು, ಅವರಿಗೆ ಅದರ ಆಸೆ ಬೆಟ್ಟದಷ್ಟಿತ್ತು.

ಜನ ಹರಿದದ್ದನ್ನು ಎಸೆದು ಹೊಸದು ತರುವುದನ್ನು ಕಲಿತ ಮೇಲೆ ಮಾಸ್ಟರ ಅಂಗಡಿ ಮುಚ್ಚಿತು. ನಾಲ್ಕು ವರ್ಷದಿಂದ ಅವರು ಒಂದು ಟಿವಿ ಕಂಪನಿಯ ವಸ್ತ್ರವಿಭಾಗದಲ್ಲಿದ್ದರು. ಅಲ್ಲಿ 'ದೂರನೌಕೆ' ಎಂಬ ಧಾರಾವಾಹಿ ತಯಾರಾಗುತ್ತಿತ್ತು. ಆಕಾಶದಲ್ಲಿ ಅಲೆಯುವ ಹಡಗು, ಅದಕ್ಕೊಬ್ಬ ಕ್ಯಾಪ್ಟನ್, ಅವನಿಗೊಂದು ಬೂದು ಬಣ್ಣದ ಉದ್ದ ಕೋಟು. ನಕ್ಷತ್ರಗಳ ಲೋಕವೆಲ್ಲ ಕೆಳಗಿನ ದೊಡ್ಡ ಶೆಡ್ಡಿನಲ್ಲಿ. ಮೇಲೆ, ತಗಡಿನ ಚಾವಣಿಯ ಕೆಳಗಿನ ಉದ್ದ ಕೋಣೆಯಲ್ಲಿ ಮೂರು ಹೊಲಿಗೆ ಮೆಷಿನ್ನು, ಹಬೆ ಇಸ್ತ್ರಿ, ಸಾಲು ಸಾಲು ಹ್ಯಾಂಗರು. ಕಿಟಕಿಯ ಪಕ್ಕ, ಬೆಳಕು ಎಡಗಡೆಯಿಂದ ಬೀಳುವ ಕಡೆ, ಮಾಸ್ಟರ ಕುರ್ಚಿ. ಅವರಿಗೆ ಆ ಕುರ್ಚಿಯೆಂದರೆ ಪ್ರಾಣ. ಇಡೀ ಊರಿನಲ್ಲಿ ರಫು ಮಾಡುವವನಿಗೆ ಉಳಿದಿದ್ದ ಕುರ್ಚಿ ಅದೊಂದೇ.

ಆ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಹಿಂದಿನಿಂದ ಇಸ್ತ್ರಿ ಸಾಹೇಬ್ರು ಎನ್ನುತ್ತಿದ್ದರು. ಅವರ ಪ್ಯಾಂಟಿನ ಗೆರೆ ಅವರು ಕೂತಾಗಲೂ ಮುರಿಯುತ್ತಿರಲಿಲ್ಲ. ಅವರು ಕೂರುತ್ತಿದ್ದುದೂ ಅಪರೂಪ.

ಮನೆಯಲ್ಲಿ ಮಾಸ್ಟರು, ಅವರಿಗಿಂತ ಆರು ವರ್ಷ ದೊಡ್ಡವಳಾದ ಅಕ್ಕ, ಇಬ್ಬರೇ. ಅಕ್ಕ ಮದುವೆಯ ಗೊಡವೆಗೆ ಹೋದವಳಲ್ಲ. ಮೂವತ್ತು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತಳಾಗಿದ್ದಳು. ಕೆಲಸಕ್ಕೆ ನಿವೃತ್ತಿಯುಂಟು, ಕಣ್ಣಿಗೆಲ್ಲಿ? ಔಷಧದ ಪೊಟ್ಟಣ, ಬಸ್ಸಿನ ಬೋರ್ಡು, ಪೇಪರಿನಲ್ಲಿ ಬರುವ ನಿಧನವಾರ್ತೆ, ಯಾವುದನ್ನೂ ತಪ್ಪು ಹುಡುಕದೆ ಓದುತ್ತಿರಲಿಲ್ಲ. 'ದೂರನೌಕೆ' ಶುರುವಾದ ಮೇಲೆ ಆ ಕಣ್ಣಿಗೆ ಒಳ್ಳೆಯ ಮೇವು ಸಿಕ್ಕಿತು. ಅಂತರ್ಜಾಲದಲ್ಲಿ ಅದರ ಅಭಿಮಾನಿಗಳ ಗುಂಪಿಗೆ ಸೇರಿದಳು. ಎರಡೇ ವರ್ಷದಲ್ಲಿ ಗುಂಪಿನ ಯಜಮಾನಿಯಾಗಿ ಇಪ್ಪತ್ತು ಸಾವಿರ ಜನರ ಬೆವರಿಳಿಸತೊಡಗಿದಳು. ಅಲ್ಲಿ ಆಕೆಯ ಹೆಸರು ಕರಡಕ್ಕ. ಆಗದವರು ಕರಡಿಯಕ್ಕ ಎನ್ನುತ್ತಿದ್ದರು. ಆಕೆಗೆ ಎರಡೂ ಒಪ್ಪಿಗೆಯೇ.

ತಮ್ಮ ಅದೇ ಧಾರಾವಾಹಿಯಲ್ಲಿ ಕೆಲಸ ಮಾಡುವುದು ಆಕೆಗೆ ಹೆಮ್ಮೆಯೂ ಹೌದು, ತಲೆನೋವೂ ಹೌದು. ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು. "ನೋಡು, ಮುಂದೆ ಏನಾಗತ್ತೆ ಅಂತ ಒಂದಕ್ಷರ ಬಾಯಿ ಬಿಟ್ರೆ ನಿನಗೆ ಈ ಮನೇಲಿ ಜಾಗ ಇಲ್ಲ. ಕೆಲಸದ ಮಾತು ಚಪ್ಪಲಿ ಜೊತೆ ಬಾಗಿಲ ಹೊರಗೇ ಇರ್ಲಿ." ಮಾಸ್ಟರು ನಾಲ್ಕು ವರ್ಷ ಹಾಗೆಯೇ ನಡೆದುಕೊಂಡಿದ್ದರು. ಅವರು ಅಲ್ಲಿ ಯಾರ ಬಟ್ಟೆ ಹೊಲಿಯುತ್ತಾರೆ ಎಂಬುದೂ ಆಕೆಗೆ ಗೊತ್ತಿರಲಿಲ್ಲ. ಹಿಂದೆ ನಿಲ್ಲುವ ಗುಂಪಿನ ಜನರ ಪಾಯಿಜಾಮ ಇರಬಹುದು ಎಂದುಕೊಂಡಿದ್ದಳು.

ಈಗ ತಪ್ಪಿನ ವಿಷಯಕ್ಕೆ ಬರೋಣ.

ಆ ವರ್ಷ ಕಾಲಪ್ರಯಾಣದ ಕಂತು ಮಾಡುವುದೆಂದು ತೀರ್ಮಾನವಾಯಿತು. ಕ್ಯಾಪ್ಟನ್ ಮೂವತ್ತು ವರ್ಷ ಹಿಂದಕ್ಕೆ ಹೋಗುತ್ತಾನೆ. ಹಳೆಯ ಹಡಗಿನ ಕಬ್ಬಿಣದ ಬಾಗಿಲಿಗೆ ಸಿಕ್ಕಿಕೊಂಡು ಅವನ ಕೋಟಿನ ಬಲತೋಳು ಪರ್ರೆಂದು ಹರಿಯುತ್ತದೆ. ವಾಪಸು ಬಂದು ಹಿರಿಯರ ಸಭೆಯಲ್ಲಿ ತಾನು ಕಂಡದ್ದನ್ನೆಲ್ಲ ಹೇಳಿದಾಗ ಯಾರೂ ನಂಬುವುದಿಲ್ಲ. ಆಗ ಅವನು ಕಣ್ತುಂಬಿಕೊಂಡು ತೋಳೆತ್ತಿ, "ನೋಡಿ! ಆ ಬಾಗಿಲು ಮಾಡಿದ ಗಾಯ!" ಎನ್ನುತ್ತಾನೆ. ಸಭೆ ದಂಗಾಗುತ್ತದೆ. ಇಡೀ ಕಂತು ನಿಂತಿದ್ದುದು ಆ ಹರುಕಿನ ಮೇಲೆ.

ಆ ಹರುಕನ್ನು ಇಸ್ತ್ರಿ ಸಾಹೇಬ್ರು ತಾವೇ ಕೂತು, ಅಂದರೆ ನಿಂತು, ಬ್ಲೇಡು, ಮರಳುಕಾಗದ, ಮೇಣದಬತ್ತಿ ಇಟ್ಟುಕೊಂಡು ಎರಡು ದಿನ ತಯಾರಿಸಿದ್ದರು. ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಬೇಕೆಂದೇ ಹರಿದ ಬಟ್ಟೆಯ ಹ್ಯಾಂಗರಿಗೆ ಒಂದು ಕೆಂಪು ದಾರ ಕಟ್ಟುತ್ತಿದ್ದರು. ದಾರವಿದ್ದರೆ ಮುಟ್ಟುವ ಹಾಗಿಲ್ಲ. ಬಾಗಿಲ ದೃಶ್ಯ ಮುಗಿದ ಮೇಲೆ ಕೋಟಿಗೆ ಗ್ರೀಸು ಹತ್ತಿದೆಯೆಂದು ಒಗೆಯಲು ಕಳಿಸಿದರು. ಒಗೆಯುವವರು ಬಟ್ಟೆಯನ್ನು ಬೇರೆ ಹ್ಯಾಂಗರಿಗೆ ಹಾಕಿ ಕಳಿಸಿದರು. ಕೆಂಪು ದಾರ ಹಳೆಯ ಹ್ಯಾಂಗರಿನಲ್ಲೇ ಉಳಿಯಿತು. ಕೋಟು ಬಂದು ಕಿಟಕಿಯ ಬಳಿ, ಮಾಸ್ಟರ ಮೂಗಿನ ನೇರಕ್ಕೆ ತೂಗಿತು.

ಪಾಪ, ಅವರೇನು ಮಾಡಿಯಾರು? ಮೊಣಕೈಯಿಂದ ಕೆಳಗೆ ನಾಲ್ಕು ಬೆರಳುದ್ದ ಹರಿದು ಎಳೆಗಳು ಜೋಲಾಡುತ್ತಿದ್ದವು. ಕಥೆಯ ಗುಟ್ಟು ಮೇಲಿನ ಕೋಣೆಯವರಿಗೆ ಹೇಳುವ ರೂಢಿ ಇರಲಿಲ್ಲ. ಮಾಸ್ಟರು ಅಯ್ಯೋ ಎಂದು ಕೋಟನ್ನು ತೊಡೆಯ ಮೇಲೆ ಎಳೆದುಕೊಂಡರು. ಮಧ್ಯಾಹ್ನದ ಊಟ ಬಿಟ್ಟು ಆರು ಗಂಟೆ ಸೂಜಿ ಆಡಿಸಿದರು. ಸಂಜೆ ಭೂತಗನ್ನಡಿ ಇಟ್ಟುಕೊಂಡು ಹುಡುಕಿದರೆ ತಾವೇ ಹೊಲಿದ ಜಾಗ ತಮಗೇ ಸಿಗಲಿಲ್ಲ. ಇಷ್ಟು ಚೆನ್ನಾಗಿ ಜನ್ಮದಲ್ಲಿ ಮಾಡಿರಲಿಲ್ಲ ಎಂದುಕೊಂಡು ಖುಷಿಯಲ್ಲಿ ಮನೆಗೆ ಹೋದರು.

ಮರುದಿನ ಸಭೆಯ ದೃಶ್ಯ ತೆಗೆದರು. ನಟ ತೋಳೆತ್ತಿದ. ನಿರ್ದೇಶಕರು ಅವನ ಕಣ್ಣೀರನ್ನು ನೋಡುತ್ತಿದ್ದರು, ಕ್ಯಾಮೆರಾದವನು ನಿರ್ದೇಶಕರನ್ನು, ನಟ ತನ್ನನ್ನು. ತೋಳನ್ನು ಯಾರೂ ನೋಡಲಿಲ್ಲ. ಸೆಟ್ಟು ಬಿಚ್ಚಿ ಹಲಗೆಗಳನ್ನು ಲಾರಿಗೆ ಹೇರಿದ ಎರಡು ವಾರದ ಮೇಲೆ, ಸಂಕಲನದ ಕೋಣೆಯಲ್ಲಿ ಯಾರೋ ಕೇಳಿದರಂತೆ: "ಸರ್, ಇವರು ಏನನ್ನ ತೋರಿಸ್ತಿದಾರೆ?"

ಇಸ್ತ್ರಿ ಸಾಹೇಬ್ರು ಮೆಟ್ಟಿಲು ಹತ್ತಿ ಬಂದ ಸದ್ದಿಗೇ ಮೆಷಿನ್ನುಗಳು ನಿಂತವು.

"ಮಾಸ್ಟ್ರೇ, ಈ ತೋಳು ಹೊಲಿದೋರು ಯಾರು?"

"ನಾನೇ ಸಾರ್. ಯಾಕೆ, ಕಾಣ್ತಿದೆಯಾ?" ಎಂದರು ಮಾಸ್ಟರು ಗಾಬರಿಯಿಂದ.

ಸಾಹೇಬ್ರ ಮುಖ ಹಬೆ ಇಸ್ತ್ರಿಯಂತೆ ಬುಸುಗುಟ್ಟಿತು. "ಕಾಣ್ತಿಲ್ಲ ಕಣ್ರೀ! ಅದೇ ನನ್ನ ಕರ್ಮ! ಸೆಟ್ಟು ಬಿಚ್ಚಾಯ್ತು, ಮತ್ತೆ ತೆಗಿಯೋಕಾಗಲ್ಲ. ಭಾನುವಾರ ಸಂಜೆ ಏಳಕ್ಕೆ ಪ್ರಸಾರ. ನೋಡೋರು ಯಾರೂ ಗಮನಿಸದಿದ್ರೆ ನಿಮ್ಮ ಪುಣ್ಯ. ಯಾರಾದ್ರೂ ಗಮನಿಸಿ ಗಲಾಟೆ ಆಯ್ತೋ, ಸೋಮವಾರ ಹನ್ನೆರಡಕ್ಕೆ ಬಂದು ನಿಮ್ಮ ಕತ್ತರಿ, ಕನ್ನಡಕ ತಗೊಂಡು ಹೋಗಿ."

ಮಾಸ್ಟರು ಸೂಜಿಯನ್ನು ಕಾಲರಿಗೆ ಸಿಕ್ಕಿಸಿ ಲೆಕ್ಕ ಹಾಕಿದರು. ನೋಡುಗರು ಗಮನಿಸದಿರಬಹುದು, ಲೋಕದಲ್ಲಿ ಅಂಥ ಒಳ್ಳೆಯ ಜನರೂ ಇದ್ದಾರೆ. ಆದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವರ ಸೇನಾಪತಿ ಅವರ ಮನೆಯಲ್ಲೇ, ಅವರದೇ ಸೋಫಾದಲ್ಲಿ ಕೂರುತ್ತಿದ್ದಳು.

ಭಾನುವಾರ ಆರೂಮುಕ್ಕಾಲಿಗೆ ಅಕ್ಕ ಕನ್ನಡಕ ಒರೆಸಿ, ಮಡಿಲಲ್ಲಿ ನೋಟುಬುಕ್ಕು, ಕಿವಿಯ ಹಿಂದೆ ಪೆನ್ಸಿಲು ಇಟ್ಟುಕೊಂಡು ಕೂತಳು. ಮಾಸ್ಟರು ನಿಂತಲ್ಲಿ ನಿಲ್ಲಲಾರದೆ ಒದ್ದಾಡಿದರು. ಬಾಗಿಲಿಗೆ ಸಿಕ್ಕಿ ತೋಳು ಹರಿದಾಗ ಅಕ್ಕ "ಭೇಷ್" ಎಂದು ಬರೆದುಕೊಂಡಳು. ಸಭೆಯ ದೃಶ್ಯ ಬರುತ್ತಿದ್ದಂತೆ ಮಾಸ್ಟರು ಟಿವಿಯ ಮುಂದೆ ಹೋಗಿ, "ಅಕ್ಕ, ಚಹಾ ಮಾಡ್ಲಾ?" ಎಂದರು.

"ಆಚೆ ಸರಿ."

"ಸಕ್ಕರೆ ಒಂದು ಚಮಚ ಸಾಕಾ?"

"ನಲವತ್ತು ವರ್ಷದಿಂದ ನಾನು ಸಕ್ಕರೆ ಹಾಕ್ಕೊಳಲ್ಲ. ಸರಿಯೋ ಅತ್ಲಾಗೆ!"

ಅವರು ಸರಿಯುವುದಕ್ಕೂ ಕ್ಯಾಪ್ಟನ್ ತೋಳೆತ್ತುವುದಕ್ಕೂ ಸರಿಹೋಯಿತು. ಅಂಗಡಿಯಿಂದ ಆಗತಾನೆ ತಂದಂತೆ ಮಿರಮಿರ ಮಿಂಚುವ ತೋಳು. "ನೋಡಿ! ಆ ಬಾಗಿಲು ಮಾಡಿದ ಗಾಯ!" ಎಂದ ಕ್ಯಾಪ್ಟನ್. ಸಭೆಯ ಹಿರಿಯರೆಲ್ಲ ಆ ಇಲ್ಲದ ಗಾಯವನ್ನು ಕಂಡು ಹೌಹಾರಿದರು. ಒಬ್ಬ ಮುದುಕಿಯಂತೂ ಬಾಯಿಗೆ ಕೈ ಅಡ್ಡ ಹಿಡಿದಳು.

ಅಕ್ಕ ಬಹಳ ಸಮಾಧಾನದಿಂದ ಪೆನ್ಸಿಲನ್ನು ಕಿವಿಯಿಂದ ತೆಗೆದಳು. ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸುವವರ ನಿದ್ದೆಗೆಡಿಸಿದ ನಗೆಯೊಂದು ಆಕೆಯ ಮುಖದ ಮೇಲೆ ಮೂಡಿತು.

ಎಂಟು ಗಂಟೆಗೆ ಗುಂಪಿನಲ್ಲಿ ಕರಡಕ್ಕನ ಬರಹ ಬಂತು. 'ನಮ್ಮನ್ನು ಕುರುಡರೆಂದು ತಿಳಿದಿದ್ದಾರೆಯೇ?' ಎಂಬುದು ತಲೆಬರಹ. ಹರುಕು ಕೋಟಿನ ಬದಲು ಹೊಸ ಕೋಟು ತೊಡಿಸಿ ಕಳಿಸಿದ ಆ ಬೇಜವಾಬ್ದಾರಿ ಮನುಷ್ಯ ಯಾರು? ಅವನನ್ನು ಕೂಡಲೇ ಕೆಲಸದಿಂದ ತೆಗೆಯಬೇಕು. ಕೆಳಗೆ ಸಹಿ ಮಾಡಿ. ಒಂದು ಗಂಟೆಯಲ್ಲಿ ಏಳು ಸಾವಿರ ಜನ ಸಹಿ ಮಾಡಿದರು. ಹಲ್ಲಿನ ಡಾಕ್ಟರೊಬ್ಬರು ತಾವು ಇದರಿಂದ ಎಷ್ಟು ನೊಂದಿದ್ದೇವೆಂದರೆ ನಾಳೆ ಯಾರ ಹಲ್ಲನ್ನೂ ಕೀಳಲಾರೆವು ಎಂದು ಬರೆದರು. ವಿಮಾ ಏಜೆಂಟೊಬ್ಬ, ಈ ಧಾರಾವಾಹಿ ತನ್ನ ಪಾಲಿಗೆ ಇಂದು ಸತ್ತಿತು ಎಂದು ಘೋಷಿಸಿ, ಐದು ನಿಮಿಷದ ಮೇಲೆ ಮುಂದಿನ ಕಂತು ಯಾವಾಗ ಎಂದು ಕೇಳಿದ. ಹೊಸ ಕೋಟು ಎಂದೇ ಎಲ್ಲರೂ ನಂಬಿದ್ದರು. ಹರಿದಿಲ್ಲದಿರುವುದರ ಹಿಂದೆಯೂ ಒಬ್ಬನ ಆರು ಗಂಟೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ, ಒಡಹುಟ್ಟಿದವಳಿಗೂ.

ಸಹಿಗಳು ಎಂಟು ಸಾವಿರ ಮುಟ್ಟಿದಾಗ ಮಾಸ್ಟರು ಚಹಾದ ಲೋಟ ಕೆಳಗಿಟ್ಟರು.

"ಅಕ್ಕ, ಆ ಬೇಜವಾಬ್ದಾರಿ ಮನುಷ್ಯ ನಾನೇ."

"ಏನಂದೆ?"

"ಹೊಸ ಕೋಟಲ್ಲ ಅದು. ಹರಿದಿದ್ದ ಕೋಟೇ. ನಾನು ರಫು ಮಾಡ್ದೆ. ಬೇಕಂತ ಹರಿದಿದ್ದು ಅಂತ ಗೊತ್ತಿರ್ಲಿಲ್ಲ. ಗಲಾಟೆ ಆದ್ರೆ ನಾಳೆ ಹನ್ನೆರಡಕ್ಕೆ ನನ್ನ ಕೆಲಸ ಹೋಗತ್ತೆ ಅಂದಿದಾರೆ."

ಅಕ್ಕ ಆ ದೃಶ್ಯಕ್ಕೆ ಹಿಂದಕ್ಕೆ ಹೋಗಿ, ನಿಲ್ಲಿಸಿ, ಟಿವಿಯ ಹತ್ತಿರ ಮೂಗು ತಾಗುವಷ್ಟು ಬಾಗಿ ತೋಳನ್ನು ನೋಡಿದಳು. ಆಮೇಲೆ ತಮ್ಮನನ್ನು ನೋಡಿದಳು. "ಬಾಯಿ ಬಿಟ್ಟು ಮೊದಲೇ ಹೇಳೋಕೆ ಏನಾಗಿತ್ತೋ ನಿನಗೆ ರೋಗ?"

"ಕೆಲಸದ ಮಾತು ಚಪ್ಪಲಿ ಜೊತೆ ಹೊರಗೇ ಇರ್ಲಿ ಅಂದಿದ್ದೆಯಲ್ಲ."

ಅಕ್ಕ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಲ್ಲಿ ಆಕೆಯ ಸಂಕಟವನ್ನೂ ಅರ್ಥಮಾಡಿಕೊಳ್ಳಬೇಕು. ಹಿಡಿದ ತಪ್ಪನ್ನು ಆಕೆ ಬಿಟ್ಟುಕೊಟ್ಟ ದಾಖಲೆ ಇರಲಿಲ್ಲ. ಅಚ್ಚುಕೂಟದ ಮಾಲೀಕನ ಮಗಳ ಮದುವೆಯ ಕಾಗದದಲ್ಲಿ ವರನ ಹೆಸರು ತಪ್ಪಿದ್ದಾಗ ಮುಹೂರ್ತ ಮೀರಿದರೂ ಸರಿ ಎಂದು ಮತ್ತೆ ಅಚ್ಚು ಹಾಕಿಸಿದವಳು. ಈಗ ಬರೆದದ್ದನ್ನು ಅಳಿಸಿದರೆ ಇಪ್ಪತ್ತು ಸಾವಿರ ಜನರ ಮುಂದೆ ಮೂಗು ಕೊಯ್ದುಕೊಂಡ ಹಾಗೆ. ಅಳಿಸದಿದ್ದರೆ ತಮ್ಮನ ಕುರ್ಚಿ ಹೋಗುತ್ತದೆ. ಕೆಲಸವಿಲ್ಲದ ತಮ್ಮ ಮನೆಯಲ್ಲಿ ಕೂತು ಪರದೆ, ದಿಂಬು, ಕಾಲೊರಸು ಎಲ್ಲವನ್ನೂ ರಫು ಮಾಡುತ್ತಾ ದಿನೇ ದಿನೇ ಇಳಿದುಹೋಗುವುದನ್ನು ಆಕೆ ನೋಡಬೇಕಾಗುತ್ತದೆ. ಅಂಗಡಿ ಮುಚ್ಚಿದ ವರ್ಷ ಅದನ್ನು ನೋಡಿದ್ದಳು. ಇನ್ನೊಮ್ಮೆ ನೋಡುವ ಶಕ್ತಿ ಆಕೆಗಿರಲಿಲ್ಲ.

ಬೆಳಿಗ್ಗೆ ಮಾಸ್ಟರು ಎದ್ದಾಗ ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು ಟೈಪು ಮಾಡುತ್ತಿದ್ದಳು. "ಕ್ಯಾಪ್ಟನ್‌ಗೆ ಗಡ್ಡ ಎಷ್ಟಿತ್ತು ಹೇಳು?" ಎಂದಳು ತಲೆಯೆತ್ತದೆ.

"ಯಾವ ದೃಶ್ಯದಲ್ಲಿ?"

"ಅದೇ ಅಂತೀನಿ. ಬಾಗಿಲ ಹತ್ರ ಒಂಚೂರಿತ್ತು, ಸಭೇಲಿ ಅದಕ್ಕಿಂತ ಜಾಸ್ತಿ ಇತ್ತು. ನೀವು ಬೇರೆ ಬೇರೆ ದಿನ ತೆಗೆದಿದೀರ. ದಡ್ಡರು. ಆ ದಡ್ಡತನವೇ ಈಗ ನಿನ್ನ ಕಾಯ್ಬೇಕು."

ಏಳೂವರೆಗೆ ಕರಡಕ್ಕನ ಎರಡನೆಯ ಬರಹ ಬಂತು. 'ಆತುರಪಟ್ಟೆವು, ನಾನೂ ಸೇರಿ' ಎಂದು ಶುರು. ಕರಡಕ್ಕ ತಪ್ಪೊಪ್ಪಿಕೊಂಡದ್ದೇ ಒಂದು ಸುದ್ದಿಯಾಯಿತು. ಮುಂದೆ ಹೀಗಿತ್ತು: ತೋಳು ಹರಿದದ್ದು ನಿಜ. ಸಭೆಯಲ್ಲಿ ತೋಳು ಸರಿಯಾಗಿದ್ದದ್ದೂ ನಿಜ. ಗಡ್ಡ ಬೆಳೆದಿದ್ದದ್ದೂ ನಿಜ. ಹಾಗಾದರೆ ಕ್ಯಾಪ್ಟನ್ ನೇರವಾಗಿ ವಾಪಸು ಬರಲಿಲ್ಲ! ನಡುವೆ ಎಲ್ಲೋ ಇದ್ದ. ಅಲ್ಲಿ ಯಾರೋ ಅವನ ಕೋಟನ್ನು ಪ್ರೀತಿಯಿಂದ ಹೊಲಿದುಕೊಟ್ಟರು. ಅವನಿಗೆ ಅದರ ನೆನಪೇ ಇಲ್ಲ; ಅದಕ್ಕೇ ಇಲ್ಲದ ಗಾಯವನ್ನು ಎತ್ತಿ ತೋರಿಸುತ್ತಾನೆ. ಹೊಲಿದವರು ಯಾರು?

ಗುಂಪು ಹುಚ್ಚೆದ್ದು ಕುಣಿಯಿತು. ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ತರಗತಿಗೆ ಚಕ್ಕರ್ ಹೊಡೆದು ಗಡ್ಡವನ್ನು ಅಳೆದು, ಅವನು ಕಳೆದದ್ದು ಹನ್ನೊಂದು ದಿನ ಎಂದು ಸಾಧಿಸಿದರು. ಹಲ್ಲಿನ ಡಾಕ್ಟರು, ಇಲ್ಲ, ಮೂರು ವರ್ಷ, ಮಧ್ಯೆ ಕ್ಷೌರ ಮಾಡಿಸಿಕೊಂಡಿದ್ದಾನೆ ಎಂದು ಹಟ ಹಿಡಿದರು. ಮಧ್ಯಾಹ್ನದೊಳಗೆ ಹನ್ನೊಂದು ದಿನದವರು, ಮೂರು ವರ್ಷದವರು ಎಂದು ಎರಡು ಬಣವಾಗಿ ಒಬ್ಬರ ಮುಖ ಒಬ್ಬರು ನೋಡದಂತಾದರು. ಒಂದು ಮನೆಯಲ್ಲಿ ಗಂಡ ಆ ಬಣ, ಹೆಂಡತಿ ಈ ಬಣವಾಗಿ ಊಟಕ್ಕೆ ಬೇರೆ ಬೇರೆ ಕೂತರಂತೆ. ವಿಮಾ ಏಜೆಂಟು ಮೊದಲಿನಿಂದಲೂ ತನಗಿದು ಗೊತ್ತಿತ್ತು, ಬೇಕೆಂದೇ ಸುಮ್ಮನಿದ್ದೆ ಎಂದ. ಎಂಟು ಸಾವಿರ ಸಹಿಯ ಮನವಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಸಹಿ ಮಾಡಿದವರೇ ಈಗ ಹೊಲಿದವಳ ಚಿತ್ರ ಬರೆಯುತ್ತಿದ್ದರು. ಎಲ್ಲ ಚಿತ್ರದಲ್ಲೂ ಆಕೆಗೆ ಉದ್ದ ಕೂದಲು, ದೊಡ್ಡ ಕಣ್ಣು. ಯಾವ ಚಿತ್ರದಲ್ಲೂ ಕನ್ನಡಕವಿರಲಿಲ್ಲ.

ಅಷ್ಟರ ನಡುವೆ ನಿವೃತ್ತ ಅಂಚೆಯವರೊಬ್ಬರು ಎರಡು ಸಾಲು ಬರೆದಿದ್ದರು. 'ನನ್ನ ಹೆಂಡತಿ ಹೋದ ಮೇಲೆ ನನ್ನ ಕೋಟಿನ ತೋಳು ಹರಿದೇ ಇದೆ. ಹೊಲಿಯುವವರು ಯಾರೋ ಇದ್ದಾರೆ ಎಂದು ಕೇಳಿ ಸಂತೋಷವಾಯಿತು.' ಅಕ್ಕನ ಬೆನ್ನ ಹಿಂದೆ ನಿಂತು ಅದನ್ನು ಓದಿದ ಮಾಸ್ಟರು ಕಾಲರಿನ ಸೂಜಿ ತಡವಿಕೊಂಡರು. ವಿಳಾಸ ಸಿಕ್ಕಿದ್ದರೆ ಆಗಲೇ ಹೊರಟುಬಿಡುತ್ತಿದ್ದರು.

ಹನ್ನೆರಡಕ್ಕೆ ಅವರು ಕತ್ತರಿ, ಕನ್ನಡಕ ಇಡಲು ಚೀಲ ಹಿಡಿದುಕೊಂಡೇ ಹೋದರು. ಇಸ್ತ್ರಿ ಸಾಹೇಬ್ರು ಕೂತಿದ್ದರು. ಕೂತಿದ್ದಷ್ಟೇ ಅಲ್ಲ, ನಗುತ್ತಿದ್ದರು.

"ಮಾಸ್ಟ್ರೇ, ಆ ತೋಳಿನ ವಿಷಯ ಹೊರಗೆ ಎಲ್ಲಾದ್ರೂ ಹೇಳಿದೀರಾ?"

"ಇಲ್ಲ ಸಾರ್," ಎಂದರು ಮಾಸ್ಟರು. ಮನೆಯ ಒಳಗೆ ಹೇಳಿದ್ದರು, ಹೊರಗಲ್ಲ.

"ಹೇಳ್ಬೇಡಿ. ಅದು ನಾವು ಮೊದಲೇ ಯೋಚನೆ ಮಾಡಿದ್ದು, ತಿಳೀತಾ? ಬಾಯಿ ಬಿಟ್ಟ ದಿನ ನಿಮ್ಮ ಕೆಲಸಾನೂ ಹೋಯ್ತು ಅಂದ್ಕೊಳಿ. ಹೋಗಿ, ಕೂತ್ಕೊಳಿ ಜಾಗಕ್ಕೆ."

ಆ ವಾರ ಸಾಹೇಬ್ರ ಸಂದರ್ಶನ ಟಿವಿಯಲ್ಲಿ ಬಂತು. ಕೋಟಿನ ಪಕ್ಕ ನಿಂತು, ಗೆರೆ ಮುರಿಯದ ಪ್ಯಾಂಟಿನಲ್ಲಿ ಹೇಳಿದರು: "ಹರುಕು ಯಾರಿಗೆ ಬೇಕಾದ್ರೂ ಕಾಣತ್ತೆ. ಹರುಕು ಇಲ್ಲದೇ ಇರೋದನ್ನ ಕಾಣಿಸೋದು, ಅದು ಕಲೆ. ನಾನು ಎರಡು ದಿನ ಕೂತು ಅದನ್ನ ಹೊಲಿದೆ."

ಸೋಫಾದಲ್ಲಿ ಕೂತಿದ್ದ ಅಕ್ಕ ಹಲ್ಲು ಕಡಿದಳು. "ಎರಡು ದಿನ ಅಂತೆ! ನಿನಗೆ ಆರೇ ಗಂಟೆ ಸಾಕಾಗಿತ್ತು."

"ಹೋಗ್ಲಿ ಬಿಡು ಅಕ್ಕ, ಕುರ್ಚಿ ಉಳೀತಲ್ಲ," ಎಂದರು ಮಾಸ್ಟರು. ಮಾಡಿದ ತಪ್ಪನ್ನು ಇನ್ನೊಬ್ಬ ಹೊತ್ತುಕೊಂಡರೆ ನೆಮ್ಮದಿಯಾಗಬೇಕು ತಾನೇ? ಆಗಲಿಲ್ಲ. ಅದು ತಪ್ಪೇ ಆಗಿದ್ದರೂ ಅವರು ಜನ್ಮದಲ್ಲಿ ಮಾಡಿದ ಅತ್ಯಂತ ಒಳ್ಳೆಯ ಕೆಲಸವಾಗಿತ್ತು.

ಅಭಿಮಾನಿಗಳು ಇಷ್ಟೆಲ್ಲ ಕೇಳುತ್ತಿರುವಾಗ ಉತ್ತರ ಕೊಡಲೇಬೇಕಲ್ಲ. ಕಥೆ ಬರೆಯುವವರು ಮೂರು ವಾರ ತಲೆ ಕೆರೆದುಕೊಂಡು ಆ ವರ್ಷದ ಕೊನೆಯ ಕಂತಿಗೆ ಒಂದು ದೃಶ್ಯ ಸೇರಿಸಿದರು. ಕ್ಯಾಪ್ಟನ್ ಏಕಾಂತದಲ್ಲಿ ತೋಳನ್ನು ಬೆಳಕಿಗೆ ಹಿಡಿಯುತ್ತಾನೆ. ಹೊಲಿಗೆ ಕಾಣುತ್ತದೆ. ಅದರ ಮೇಲೆ ಬೆರಳಾಡಿಸುತ್ತಾನೆ. ಎಲ್ಲವೂ ನೆನಪಾಗುತ್ತದೆ. ಸಂಗೀತ.

ಸಾಹೇಬ್ರು ಕೋಟನ್ನು ಮಾಸ್ಟರ ತೊಡೆಯ ಮೇಲೆ ಹಾಕಿದರು. "ಹೊಲಿಗೆ ಕಾಣ್ಬೇಕು. ಹತ್ತಿರದಿಂದ ತೆಗೀತಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಬೇಕು."

ಸಾಹೇಬ್ರು ಮತ್ತೆ ಹರಿದುಕೊಟ್ಟ ತೋಳನ್ನು ಮಾಸ್ಟರು ಹೊಲಿದರು. ಸಾಹೇಬ್ರು ಬಂದು ನೋಡಿ, "ಎಲ್ಲಿದೆ ರೀ?" ಎಂದರು. ಬಿಚ್ಚಿ, ದಪ್ಪ ಎಳೆ ಹಾಕಿ ಹೊಲಿದರು. ದಪ್ಪ ಎಳೆಯೂ ಬಟ್ಟೆಯೊಳಗೆ ಹೋಗಿ ಅಡಗಿ ಕೂತಿತು. ಮೂರನೆಯ ಸಲ ನೀಲಿ ದಾರ ಕೊಟ್ಟರು. ಮಾಸ್ಟರು ಕಣ್ಣು ಮುಚ್ಚಿಕೊಂಡು, ಬೇಕೆಂದೇ ಕೆಡಿಸುತ್ತೇನೆ ಎಂದು ಶಪಥ ಮಾಡಿ ಸೂಜಿ ಚುಚ್ಚಿದರು. ಕೈ ಅವರ ಮಾತು ಕೇಳಲಿಲ್ಲ. ನೀಲಿ ದಾರ ಬೂದು ಬಟ್ಟೆಯ ನೆರಳಿನಂತೆ ಕೂತುಬಿಟ್ಟಿತು.

"ಏನ್ರೀ ಇದು! ಒಂದು ಕೆಟ್ಟ ಹೊಲಿಗೆ ಹಾಕೋಕೆ ಬರಲ್ವಾ ನಿಮಗೆ? ನಾಳೆ ಹತ್ತಕ್ಕೆ ಹೊಲಿಗೆ ಕಾಣಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ. ನಿಮ್ಮ ಜಾಗಕ್ಕೇ ನೋಡ್ಕೋತೀನಿ," ಎಂದು ಕೂಗಿ ಸಾಹೇಬ್ರು ಇಳಿದುಹೋದರು.

ಮಾಸ್ಟರು ನೀಲಿ ದಾರ ಬಿಚ್ಚಿ, ಕೋಟನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತರು. ಅಕ್ಕ ವಿಷಯ ಕೇಳಿದಳು. ಈ ಸಲ ಚಪ್ಪಲಿಯ ಮಾತಾಡಲಿಲ್ಲ. "ಇಲ್ಲಿ ಕೊಡು," ಎಂದು ಕೋಟನ್ನು ಎಳೆದುಕೊಂಡಳು.

"ನೀನಾ? ಗುಂಡಿ ಹಾಕೋಕೂ ಬರಲ್ಲ ನಿನಗೆ."

"ಅದಕ್ಕೇ ಕೊಡು ಅಂದಿದ್ದು."

ಅರವತ್ತನಾಲ್ಕು ವರ್ಷದಲ್ಲಿ ಅಕ್ಕ ಸೂಜಿ ಹಿಡಿದದ್ದು ಅದು ಮೂರನೆಯ ಸಲವಿರಬೇಕು. ಪೆನ್ಸಿಲು ಹಿಡಿದಂತೆ ಹಿಡಿದು, ತಪ್ಪು ಹೊಡೆದು ಹಾಕುವವಳಂತೆ ಚುಚ್ಚಿದಳು. ಒಂದು ಹೊಲಿಗೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಹೋಯಿತು. ನಡುವೆ ಮೂರು ಗಂಟು, ಒಂದು ಕಡೆ ಬಟ್ಟೆ ಮುದುಡಿ ಗುಬುಟು. ಎರಡು ಸಲ ಬೆರಳು ಚುಚ್ಚಿಕೊಂಡು ಸೂಜಿಯ ವಂಶವನ್ನೆಲ್ಲ ಬೈದಳು. ಮಾಸ್ಟರು ನೋಡಲಾರದೆ ಗೋಡೆಯ ಕಡೆ ತಿರುಗಿ ಕೂತರು. ಆಗಾಗ ತಡೆಯಲಾರದೆ ಅವರ ಕೈ ಆ ಕಡೆ ಚಾಚುತ್ತಿತ್ತು, ಅಕ್ಕ ಪಟ್ಟನೆ ಹೊಡೆದು ಹಿಂದಕ್ಕೆ ಕಳಿಸುತ್ತಿದ್ದಳು.

ಬೆಳಿಗ್ಗೆ ಸಾಹೇಬ್ರು ತೋಳನ್ನು ಬೆಳಕಿಗೆ ಹಿಡಿದು ನೋಡಿದರು. "ಇದು! ಇದು ಮಾಸ್ಟ್ರೇ! ಕೊನೆಗೂ ಕಲಿತ್ರಿ ನೋಡಿ ಕೆಲಸ," ಎಂದು ಬೆನ್ನು ತಟ್ಟಿದರು. ನಾಲ್ಕು ವರ್ಷದಲ್ಲಿ ಅವರು ಮಾಸ್ಟರ ಬೆನ್ನು ಮುಟ್ಟಿದ್ದು ಅದೇ ಮೊದಲು.

ಕೊನೆಯ ಕಂತು ಪ್ರಸಾರವಾದ ಭಾನುವಾರ ಅಕ್ಕ ನೋಟುಬುಕ್ಕು ತೆಗೆಯಲಿಲ್ಲ. ಕ್ಯಾಪ್ಟನ್ ತೋಳನ್ನು ಬೆಳಕಿಗೆ ಹಿಡಿದ. ಆಕೆಯ ಗುಬುಟು, ಆಕೆಯ ಮೂರು ಗಂಟು ಟಿವಿಯ ತುಂಬ ಹರಡಿಕೊಂಡವು. ಸಂಗೀತ ಬಂತು. ಐದು ನಿಮಿಷದಲ್ಲಿ ಗುಂಪು ಕಣ್ಣೀರಿನ ಹೊಳೆಯಾಯಿತು. 'ಇದು ಸೂಜಿಯಿಂದ ಹೊಲಿದದ್ದಲ್ಲ, ಹೃದಯದಿಂದ' ಎಂದರು ಹಲ್ಲಿನ ಡಾಕ್ಟರು. ರಸಾಯನಶಾಸ್ತ್ರದ ಮೇಷ್ಟ್ರು ಗಂಟುಗಳನ್ನು ಎಣಿಸಿ, ಮೂರು ಗಂಟು ಅಂದರೆ ಮೂರು ವರ್ಷವೇ, ತಾನು ಸೋತೆ ಎಂದು ಒಪ್ಪಿಕೊಂಡರು. ಎರಡು ಬಣದವರೂ ಕ್ಷಮೆ ಕೇಳಿ ಒಂದಾದರು. ಒಂದೊಂದು ಚಿತ್ರವನ್ನೂ ನಿಲ್ಲಿಸಿ ನೋಡುತ್ತಿದ್ದ ಇಪ್ಪತ್ತು ಸಾವಿರ ಜನರಲ್ಲಿ ಯಾರೂ ಸಭೆಯ ದೃಶ್ಯದ ತೋಳನ್ನು ಇದರ ಪಕ್ಕ ಇಟ್ಟು ನೋಡಲಿಲ್ಲ. ಅಳುವವರಿಗೆ ಹಿಂದಕ್ಕೆ ಹೋಗಿ ನೋಡುವ ವ್ಯವಧಾನವೆಲ್ಲಿ?

ಮಾಸ್ಟರು ಗುಂಪಿಗೆ ಸೇರದೆಯೇ ಎಲ್ಲವನ್ನೂ ತಮ್ಮ ಫೋನಿನಲ್ಲಿ ಓದಿದರು. ಆ ಕಂಪನಿಯನ್ನು, ಆ ಸಾಹೇಬ್ರನ್ನು, ಉದ್ದ ಕೂದಲಿನ ಆ ಚಿತ್ರಗಳನ್ನು ಅವರು ಸಹಿಸಿಕೊಂಡಿದ್ದರು. ಆದರೆ ಗುಬುಟನ್ನು? ಅಕ್ಕ ಚಹಾ ಮಾಡಲು ಒಳಗೆ ಹೋದಾಗ, ಜೀವಮಾನದಲ್ಲಿ ಮೊದಲ ಬಾರಿಗೆ, 'ದಾರಿಹೋಕ' ಎಂಬ ಹೆಸರಿನಲ್ಲಿ ಗುಂಪಿಗೆ ಸೇರಿ ಒಂದೊಂದೇ ಅಕ್ಷರ ಒತ್ತಿ ಬರೆದರು.

'ಸಭೆಯ ದೃಶ್ಯದಲ್ಲಿ ಈ ತೋಳಿನಲ್ಲಿ ಹೊಲಿಗೆ ಕಾಣುತ್ತಲೇ ಇರಲಿಲ್ಲ. ಅದು ಕಸುಬು ಬಲ್ಲವನ ಕೈ. ಇದು ಸೂಜಿ ಹಿಡಿಯಲು ಬಾರದವರ ಕೈ. ಎರಡೂ ಒಂದೇ ಅಲ್ಲ. ಮೊದಲು ಹೊಲಿದವನು ಬೇರೆ ಇದ್ದಾನೆ.'

ಜನ ಮುಗಿಬಿದ್ದರು. ನಿನಗೇನು ಗೊತ್ತು ಹೊಲಿಗೆಯ ವಿಷಯ ಎಂದು ವಿಮಾ ಏಜೆಂಟು ಕೇಳಿದ. ಪ್ರೀತಿಯೆಂದರೆ ಏನೆಂದೇ ತಿಳಿಯದ ಒಣಕಲು ಮನುಷ್ಯ ಎಂದರು ಹಲ್ಲಿನ ಡಾಕ್ಟರು. ಇಂಥವರಿಂದಲೇ ಗುಂಪು ಹಾಳಾಗುವುದು, ಕರಡಕ್ಕ ಎಲ್ಲಿದ್ದಾರೆ ಎಂದು ಮೇಷ್ಟ್ರು ಕೂಗಿದರು. ಮಾಸ್ಟರು ಇನ್ನೊಂದು ಸಾಲು ಬರೆಯಲು ಹೊರಟಾಗ ಅಕ್ಷರಗಳು ಮೂಡಲಿಲ್ಲ. 'ನಿಮ್ಮನ್ನು ಗುಂಪಿನಿಂದ ತೆಗೆದುಹಾಕಲಾಗಿದೆ' ಎಂದು ಬಂತು. ಅವರು ಬರೆದದ್ದೂ ಅಳಿಸಿಹೋಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಲೋಟ ಹಿಡಿದು ನಿಂತಿದ್ದಳು.

"ದಾರಿಹೋಕನಂತೆ, ದಾರಿಹೋಕ! ಸಾಹೇಬ್ರ ಕಣ್ಣಿಗೆ ಬಿದ್ದಿದ್ರೆ ನಾಳೆ ಎಲ್ಲಿ ಕೂತು ಹೊಲೀತಿದ್ದೆ?"

ಮಾಸ್ಟರು ತಲೆ ತಗ್ಗಿಸಿದರು. "ನಾನೇ ಅಂತ ಹೇಗೆ ಗೊತ್ತಾಯ್ತು?"

ಅಕ್ಕ ಲೋಟವನ್ನು ಅವರ ಮುಂದಿಟ್ಟು ಪಕ್ಕದಲ್ಲಿ ಕೂತಳು. ಆಕೆಯ ಬೆರಳಿನಲ್ಲಿ ಸೂಜಿ ಚುಚ್ಚಿದ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ.

"ಮೂವತ್ತು ವರ್ಷ ತಪ್ಪು ಹಿಡಿದಿದೀನಿ ಕಣೋ. ಸರಿಯಾಗಿರೋದನ್ನ ಯಾವತ್ತೂ ಎದ್ದು ಹೋಗಿ ನೋಡಿದೋಳಲ್ಲ. ಅವತ್ತು ಟಿವಿಗೆ ಮೂಗು ಹಚ್ಚಿ ನಿನ್ನ ಕೆಲಸ ಹುಡುಕಿದೆ, ಸಿಗಲೇ ಇಲ್ಲ. ಆಮೇಲೆ ಬಾಗಿಲು ಹಾಕ್ಕೊಂಡು ಒಳಗೆ ಕೂತು ಅದನ್ನೇ ನೋಡ್ದೆ, ಎಷ್ಟು ಸಲ ಅಂತ ನಾನೇ ಲೆಕ್ಕ ಇಡಲಿಲ್ಲ. ಅಷ್ಟು ಚೆನ್ನಾಗಿತ್ತು." ಆಕೆ ಮೂಗೊರೆಸಿಕೊಂಡಳು. "ಆ ಇಪ್ಪತ್ತು ಸಾವಿರ ಜನರಲ್ಲಿ ಕಣ್ಣು ಅಂತ ಇದ್ದೋನು ಇವತ್ತು ಒಬ್ಬನೇ ಬಂದ. ಅವನನ್ನೇ ಎತ್ತಿ ಆಚೆಗೆ ಹಾಕ್ದೆ."

ಮಾಸ್ಟರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಒರೆಸಿ ಹಾಕಿಕೊಂಡರೂ ಮಂಜಾಗಿಯೇ ಇತ್ತು, ಮತ್ತೆ ತೆಗೆದು ಒರೆಸಿದರು.